ತೊಳೆನೀರಿನ ಸತುವಿಗೆ ಗದ್ದೆ ಕೆಸರಿನ ಬ್ಯಾಕ್ಟೀರಿಯಾ

ಜಿಂಕ್ ಪ್ಲೇಟಿಂಗ್ ತೊಳೆನೀರಿನಲ್ಲಿ, ಅಂದರೆ ಲೋಹದ ಸಾಮಾನಿಗೆ ಸತು ಲೇಪಿಸಿದ ಮೇಲೆ ತೊಳೆದ ನೀರಿನಲ್ಲಿ, ಕರಗಿರುವ ಸತುವನ್ನು ತೆಗೆಯಲು ನಾವು ಮಂಡ್ಯದಲ್ಲಿ ಬಳಸುವುದು ಆಮ್ಲಜನಕದ ಬದಲು ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯಾಗಳನ್ನು. ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ಸತುವಿನ ಜೊತೆ ಸೇರಿ, ಕರಗದ ಸತುವಿನ ಸಲ್ಫೈಡ್ ಆಗಿ ತಳ ಸೇರುತ್ತದೆ. ಇವನ್ನು ಕೊಂಡು ತರಬೇಕಿಲ್ಲ. ನಾಲೆ ಬಯಲಿನಲ್ಲಿ ಸದಾ ನೀರು ನಿಂತ ಗದ್ದೆಯಲ್ಲಿ ಗೇಣುದ್ದ ಕೆಳಗೆ ಕೈ ಹಾಕಿದರೆ ಕೊಳೆತ ಮೊಟ್ಟೆ ವಾಸನೆಯ ಕಪ್ಪು ಕೆಸರು ಸಿಗುತ್ತದೆ. ಅದನ್ನು ನೀರಿನ ಸಮೇತ ಡಬ್ಬಿಯ ಬಾಯಿತನಕ ತುಂಬಿ ತಂದು ಅದೇ ದಿನ ಬಳಸಿ.

ಹೆಚ್ಚಿನ ಸತುವನ್ನು ಸುಣ್ಣವೇ ತೆಗೆಯಲಿ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 9ಕ್ಕೆ ತಂದು, ತಿಳಿಯಾದ ಮೇಲೆ 7–8ಕ್ಕೆ ಇಳಿಸಿ. ಲೀಟರಿಗೆ ಉಳಿದ ಕೆಲವು ಮಿಲಿಗ್ರಾಂ ಸತುವಿಗಷ್ಟೇ ಬ್ಯಾಕ್ಟೀರಿಯಾ. ಲೀಟರಿಗೆ 20 ಮಿ.ಗ್ರಾಂ. ದಾಟಿದ ಸತು ಅವಕ್ಕೇ ವಿಷ. ಕ್ರೋಮಿಯಂ, ಸಯನೈಡ್ ಇರುವ ನೀರನ್ನು ಇದರ ಹತ್ತಿರ ತರಲೇಬೇಡಿ, ಅದರ ದಾರಿಯೇ ಬೇರೆ.

200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನ ತಳಕ್ಕೆ ಜಲ್ಲಿ ಹಾಕಿ. ಅದರ ಮೇಲೆ ಕಬ್ಬಿನ ಸಿಪ್ಪೆ ನಾಲ್ಕು ಬುಟ್ಟಿ, ಕೊಟ್ಟಿಗೆ ಗೊಬ್ಬರ ಎರಡು, ಸುಣ್ಣಕಲ್ಲಿನ ಚೂರು ಎರಡು, ಕೆಸರು ಒಂದು, ಈ ಅಳತೆಯಲ್ಲಿ ಕಲಸಿ ತುಂಬಿ. ಒತ್ತಿ ತುಳಿದರೆ ನೀರು ಇಳಿಯುವುದಿಲ್ಲ. ತಳದಿಂದ ಹೊರಟ ಪೈಪನ್ನು ಹೊರಗಡೆ ಮೇಲಕ್ಕೆ ಏರಿಸಿ, ಒಳಗಿನ ಸರಕು ಯಾವಾಗಲೂ ಮೂರು ಇಂಚು ನೀರಿನಡಿಯಲ್ಲೇ ಇರಬೇಕು. ಗಾಳಿ ಹೊಕ್ಕರೆ ಕೂತ ಸತು ಮತ್ತೆ ಕರಗುತ್ತದೆ.

ಶುರುವಿಗೆ ಲೀಟರಿಗೆ 2 ಗ್ರಾಂ ಮೆಗ್ನೀಷಿಯಂ ಸಲ್ಫೇಟ್, 1 ಗ್ರಾಂ ಬೆಲ್ಲ ಕರಗಿಸಿದ ನೀರು ತುಂಬಿ ಎರಡು ಮೂರು ವಾರ ಮುಚ್ಚಿಡಿ. ಸರಕು ಕಪ್ಪಾಗಿ, ಹೈಡ್ರೋಜನ್ ಸಲ್ಫೈಡ್ ಪತ್ತೆಹಚ್ಚುವ ಲೆಡ್ ಅಸಿಟೇಟ್ ಕಾಗದವೂ ಕಪ್ಪಾದರೆ ಸಿದ್ಧ. ಹುಳಿ ವಾಸನೆ ಬಂದರೆ ಬೆಲ್ಲ ಹೆಚ್ಚಾಗಿದೆ ಎಂದರ್ಥ: ಹುದುಗಿಸುವ ಜೀವಿಗಳು ಮುಂದೆ ಹೋಗಿ ಪಿಎಚ್ ಕೆಡವಿವೆ. ಬೆಲ್ಲ ನಿಲ್ಲಿಸಿ, ಅಡುಗೆ ಸೋಡಾ ಪುಡಿ ಹಾಕಿ ಪಿಎಚ್ 7ಕ್ಕೆ ತನ್ನಿ.

ಡ್ರಮ್ಮಿನಲ್ಲಿ ನೀರು ನಿಲ್ಲುವ ಜಾಗ ಸುಮಾರು 70 ಲೀಟರ್. ನಾಲ್ಕು ದಿನ ನಿಲ್ಲಬೇಕಾದರೆ ನಿಮಿಷಕ್ಕೆ 12 ಮಿ.ಲೀ. ಹರಿವು, ಅಳತೆ ಜಾಡಿ ಹಿಡಿದು ದಿನವೂ ನೋಡಿ. ಕ್ಲೋರೈಡ್ ದ್ರಾವಣದಲ್ಲಿ ಮಾಡಿದ ಪ್ಲೇಟಿಂಗ್ ನೀರಾದರೆ ಅದರಲ್ಲಿ ಸಲ್ಫೇಟ್ ಸಾಲದು, ಲೀಟರಿಗೆ ಅರ್ಧ ಗ್ರಾಂ ಮೆಗ್ನೀಷಿಯಂ ಸಲ್ಫೇಟ್, ಕಾಲು ಗ್ರಾಂ ಬೆಲ್ಲ ಸೇರಿಸಿ. ಮೊದಲ ವಾರಗಳಲ್ಲಿ ಕಂದು ನೀರು ಬರುತ್ತದೆ. ಸತು ಇಳಿದಿದ್ದರೂ ಅದರ ಬಿಓಡಿ (ಕೊಳೆಯುವ ವಸ್ತು ನೀರಿನಲ್ಲಿ ಎಳೆದುಕೊಳ್ಳುವ ಆಮ್ಲಜನಕದ ಅಳತೆ) ಜಾಸ್ತಿ. ಗಾಳಿ ಊದುವ ತೊಟ್ಟಿಗೆ ಬಿಡಬೇಕೇ ಹೊರತು ನಾಲೆಗಲ್ಲ.

ಸ್ಯಾಂಪಲ್ಲನ್ನು 0.45 ಮೈಕ್ರಾನ್ ಸೋಸುಕದಲ್ಲಿ ಸೋಸಿದ್ದೊಂದು, ಸೋಸದ್ದೊಂದು ತೆಗೆದು, ಎರಡಕ್ಕೂ ನೈಟ್ರಿಕ್ ಆಮ್ಲ ಹಾಕಿ ಲ್ಯಾಬಿಗೆ ಕಳಿಸಿ. ಸೋಸಿದ್ದರಲ್ಲಿ ಸತು ಕಡಿಮೆ, ಸೋಸದ್ದರಲ್ಲಿ ಜಾಸ್ತಿ ಬಂದರೆ ಬ್ಯಾಕ್ಟೀರಿಯಾ ಕೆಲಸ ಮಾಡಿವೆ, ಸಲ್ಫೈಡಿನ ನುಣುಪು ಪುಡಿ ಮಾತ್ರ ಕೊಚ್ಚಿಕೊಂಡು ಬರುತ್ತಿದೆ. ಮುಂದೆ ಒಂದು ಮರಳಿನ ಸೋಸುಕ ಸಾಕು.

ಡ್ರಮ್ಮು ಬಯಲಲ್ಲೇ ಇರಲಿ. ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ (ಹತ್ತು ಲಕ್ಷಕ್ಕೆ ನೂರು ಪಾಲು) ಮುಟ್ಟಿದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಮುಚ್ಚಳ ತೆಗೆಯುವಾಗ ಗ್ಯಾಸ್ ಮೀಟರ್ ಬೇಕೇ ಬೇಕು, ಒಬ್ಬರೇ ನಿಲ್ಲಬಾರದು. ಹಳೆಯ ಸರಕು ನೋಡಲು ಒಳ್ಳೆ ಗೊಬ್ಬರದಂತಿದ್ದರೂ ಗದ್ದೆಗೆ ಚೆಲ್ಲಬೇಡಿ. ಸತುವೆಲ್ಲ ಅದರಲ್ಲೇ ಇದೆ. ಒಣಗಲು ಬಿಡದೆ ಮೂಟೆ ಕಟ್ಟಿ, ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರಿಗೇ ಕೊಡಿ.