ಟ್ರಾವೆಲ್ ಕಾರ್ಡ್ ಮಾಡಿಸುವ ಮುಂಚೆ ಖರ್ಚಿನ ಪುಸ್ತಕ ತೆಗೆಯಿರಿ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆ ಹತ್ತಿರ ನನ್ನದೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ದೇವನಹಳ್ಳಿ ವಿಮಾನ ನಿಲ್ದಾಣ ನಮಗೆ ಮುಕ್ಕಾಲು ಗಂಟೆ ದಾರಿ. ಬೆಂಗಳೂರಿನ ಎಷ್ಟೋ ಜನಕ್ಕಿಂತ ನಾವೇ ಹತ್ತಿರ. ಆದರೂ ಕಳೆದ ನಾಲ್ಕು ವರ್ಷದಲ್ಲಿ ನಾನು ವಿಮಾನ ಹತ್ತಿದ್ದು ಒಂದೇ ಸಲ, ಅಣ್ಣನ ಮಗನ ಮದುವೆಗೆ ಮುಂಬೈಗೆ. ಹೀಗಿದ್ದೂ, ಮಾಲ್‌ನಲ್ಲಿ ಟೇಬಲ್ ಹಾಕಿಕೊಂಡಿದ್ದ ಹುಡುಗ "ಸಾರ್, ಪಾಯಿಂಟ್ಸಲ್ಲೇ ಫ್ಲೈಟಲ್ಲಿ ಹೋಗ್ಬಹುದು" ಅಂದ ತಕ್ಷಣ ಟ್ರಾವೆಲ್ ಕಾರ್ಡಿಗೆ, ಅಂದರೆ ಖರ್ಚಿಗೆ ಸಿಗುವ ಪಾಯಿಂಟಲ್ಲಿ ವಿಮಾನದ ಟಿಕೆಟ್ ತಗೊಳ್ಳಬಹುದಾದ ಕ್ರೆಡಿಟ್ ಕಾರ್ಡಿಗೆ, ಸಹಿ ಹಾಕಿಬಿಟ್ಟೆ.

ಒಂದು ವರ್ಷ ಆದ ಮೇಲೆ ಕೂತು ಲೆಕ್ಕ ಹಾಕಿದೆ. ಕಾರ್ಡ್ ಉಜ್ಜಿ ಖರ್ಚು ಮಾಡಿದ್ದು 1,20,000 ರೂಪಾಯಿ. ಅದರಲ್ಲಿ 36,000 ಪೆಟ್ರೋಲ್. ಪೆಟ್ರೋಲಿಗೆ ಪಾಯಿಂಟ್ ಇಲ್ಲ ಅಂತ ಆಗ ಗೊತ್ತಾಯಿತು. ಉಳಿದ 84,000ಕ್ಕೆ, 150 ರೂಪಾಯಿಗೆ ಎರಡರಂತೆ, 1,120 ಪಾಯಿಂಟ್. ಒಂದು ಪಾಯಿಂಟಿನ ಬೆಲೆ 25 ಪೈಸೆ. ಅಂದರೆ 280 ರೂಪಾಯಿ. ವರ್ಷದ ಫೀ 2,999, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 3,539. ಆ ಫೀ ವಾಪಸ್ ಬರಬೇಕಾದರೇ ನಾನು ವರ್ಷಕ್ಕೆ ಹತ್ತೂವರೆ ಲಕ್ಷ ಉಜ್ಜಬೇಕಿತ್ತು. ನನ್ನ ಹೆಂಡತಿ ಬೈಯಲಿಲ್ಲ, ನಕ್ಕಳು. ಅದು ಇನ್ನೂ ಜಾಸ್ತಿ ಚುಚ್ಚಿತು.

ಅದಕ್ಕೇ ಹೇಳೋದು, ಯಾವ ಕಾರ್ಡ್ ಒಳ್ಳೇದು ಅಂತ ಆಮೇಲೆ ಹುಡುಕಿ. ಮೊದಲು ಮೂರು ತಿಂಗಳ ಪಾಸ್‌ಬುಕ್, ಫೋನ್‌ಪೇ ಹಿಸ್ಟರಿ ಮುಂದಿಟ್ಟುಕೊಳ್ಳಿ. ಕಾರ್ಡಿನಲ್ಲಿ ಕಟ್ಟಬಹುದಾದ ಖರ್ಚಿಗೆ ಮಾತ್ರ ಗುರುತು ಹಾಕಿ. ಸಂತೆ ತರಕಾರಿ, ಹಾಲು, ಕೂಲಿ, ಚೀಟಿ ದುಡ್ಡು ಬಿಟ್ಟುಬಿಡಿ. ಮನೆ ಬಾಡಿಗೆ, ವ್ಯಾಲೆಟ್‌ಗೆ ಹಾಕುವ ದುಡ್ಡು, ಪೆಟ್ರೋಲ್ ಇವಕ್ಕೆ ಬಹಳಷ್ಟು ಕಾರ್ಡ್‌ಗಳಲ್ಲಿ ಪಾಯಿಂಟ್ ಇರೋದಿಲ್ಲ. ಅಂಗಡಿಗೆ ಮಾಲು ತರುವ ದುಡ್ಡೇ ನನ್ನ ದೊಡ್ಡ ಖರ್ಚು. ಆದರೆ ಬೆಂಗಳೂರಿನ ಹೋಲ್‌ಸೇಲ್‌ನವರು "ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ" ಅಂತಾರೆ. ನೂರು ರೂಪಾಯಿಗೆ 33 ಪೈಸೆ ಸಿಗೋದಕ್ಕೆ ಎರಡು ರೂಪಾಯಿ ಯಾರು ಕೊಡ್ತಾರೆ? ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಸೇರಿಸಿಕೊಂಡರೆ ಕ್ಯೂಆರ್ ಇರುವ ಅಂಗಡಿಯಲ್ಲಿ ಸ್ಕ್ಯಾನ್ ಮಾಡಬಹುದು, ಅದು ಅನುಕೂಲವೇ. ಆದರೆ ನೆಂಟರಿಗೆ, ಸ್ನೇಹಿತರಿಗೆ ಅದರಿಂದ ದುಡ್ಡು ಕಳಿಸೋಕೆ ಆಗಲ್ಲ.

ಗುರುತು ಹಾಕಿದ ಮೊತ್ತವನ್ನು ನಾಲ್ಕರಿಂದ ಗುಣಿಸಿದರೆ ವರ್ಷದ್ದು ಬರುತ್ತದೆ. ಅದಕ್ಕೆ ಎಷ್ಟು ಪಾಯಿಂಟ್, ಪಾಯಿಂಟಿಗೆ ಎಷ್ಟು ಪೈಸೆ ಅಂತ ನೋಡಿ, ಫೀ ಮತ್ತು ಜಿಎಸ್‌ಟಿ ಕಳೆಯಿರಿ. ಏನೂ ಉಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ.

ಇನ್ನೊಂದು ಪ್ರಶ್ನೆ ಬಡ್ಡಿಯದು. ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತೀರಾ? ಮಳೆಗಾಲದಲ್ಲಿ ವ್ಯಾಪಾರ ಬಿದ್ದ ಒಂದು ತಿಂಗಳು ನನಗೆ 18,000 ಬಿಲ್ ಬಂತು. "ಮಿನಿಮಮ್ ಡ್ಯೂ 900", ಅಂದರೆ ಕನಿಷ್ಠ ಇಷ್ಟು ಕಟ್ಟಿ ಅಂತ ಇತ್ತು, ಅಷ್ಟೇ ಕಟ್ಟಿ ಸುಮ್ಮನಾದೆ. ತಿಂಗಳಿಗೆ 3.5% ಬಡ್ಡಿ, ಅದೂ ಸಾಮಾನು ಕೊಂಡ ದಿನದಿಂದಲೇ. ಬಡ್ಡಿಗೂ ಜಿಎಸ್‌ಟಿ. ಸಾವಿರದ ಮೇಲೆ ಹೋಯಿತು. ಬಾಕಿ ಇರುವವರೆಗೆ ಹೊಸದಾಗಿ ಕೊಂಡಿದ್ದಕ್ಕೂ ಬಡ್ಡಿರಹಿತ ದಿನಗಳು ಸಿಗಲ್ಲ. ವರ್ಷಪೂರ್ತಿ ಕೂಡಿಸಿದ ಪಾಯಿಂಟಿನ ನಾಲ್ಕು ಪಟ್ಟು ಒಂದೇ ತಿಂಗಳಲ್ಲಿ ಕಳಕೊಂಡೆ. ನಿಮ್ಮದು ನನ್ನ ಹಾಗೆ ಏರುಪೇರಿನ ಆದಾಯವಾಗಿದ್ದರೆ ಇದೊಂದೇ ಕಾರಣ ಸಾಕು, ಬೇಡ ಅನ್ನೋಕೆ.

ಹಾಗಂತ ಎಲ್ಲರಿಗೂ ಬೇಡ ಅಂತಲ್ಲ. ನಮ್ಮ ಷಡ್ಡಕ ಯಲಹಂಕದಲ್ಲಿದ್ದಾರೆ. ಕಂಪನಿ ಕೆಲಸಕ್ಕೆ ತಿಂಗಳಿಗೆ ಎರಡು ಸಲ ದೆಹಲಿಗೆ ಹೋಗ್ತಾರೆ. ಟಿಕೆಟ್, ಹೋಟೆಲ್ ಎಲ್ಲ ತಮ್ಮ ಕಾರ್ಡಲ್ಲೇ, ಆಮೇಲೆ ಕಂಪನಿ ದುಡ್ಡು ಕೊಡುತ್ತೆ, ಪಾಯಿಂಟ್ ಮಾತ್ರ ಇವರಿಗೆ. ಬಿಲ್ ಬಂದ ದಿನವೇ ಕಟ್ಟುವ ಮನುಷ್ಯ. ಅಂಥವರಿಗೆ ಲಾಭ ಇದೆ. ಅವರೂ ಪಾಯಿಂಟಿನ ಟಿಕೆಟ್‌ಗೆ ತೆರಿಗೆ, ಫೀ ಕೈಯಿಂದಲೇ ಕೊಡ್ತಾರೆ. ದೀಪಾವಳಿ ಸಮಯದಲ್ಲಿ ಪಾಯಿಂಟಿಗೆ ಸೀಟು ಸಿಗೋದು ಕಷ್ಟ ಅಂತಾರೆ. ಪಾಯಿಂಟ್ ಕೂಡಿಟ್ಟುಕೊಂಡು ಕೂರಬೇಡ ಅನ್ನೋದೂ ಅವರದೇ ಮಾತು. 2024ರ ನವೆಂಬರ್‌ನಲ್ಲಿ ವಿಸ್ತಾರ ಅನ್ನೋ ವಿಮಾನ ಕಂಪನಿಯೇ ಏರ್ ಇಂಡಿಯಾದಲ್ಲಿ ಸೇರಿಹೋಯಿತಲ್ಲ, ಕಂಪನಿಯೇ ಹೀಗೆ ಬದಲಾದರೆ ಪಾಯಿಂಟ್ ನಂಬಿ ಕೂರೋದು ಹೇಗೆ?

ವಿಮಾನ ನಿಲ್ದಾಣದ ಲೌಂಜಲ್ಲಿ, ಅಂದರೆ ಕೂತು ಕಾಯುವ ವಿಶೇಷ ಕೋಣೆಯಲ್ಲಿ, ಊಟ ಫ್ರೀ ಅನ್ನೋದಕ್ಕೆ ಮರುಳಾಗಬೇಡಿ. ಈಗ ಬಹಳ ಕಾರ್ಡ್‌ಗಳಲ್ಲಿ ಹಿಂದಿನ ಮೂರು ತಿಂಗಳು ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಒಳಗೆ ಬಿಡ್ತಾರೆ. ನಾವು ವರ್ಷಕ್ಕೆರಡು ಸಲ ತಿರುಪತಿಗೆ ಬಸ್ಸಲ್ಲಿ ಹೋಗುವವರು, ನಮಗೆ ಯಾವ ಲೌಂಜು?

ಈಗಾಗಲೇ ಕಾರ್ಡ್ ಇದ್ದು, ಲೆಕ್ಕ ಕೂಡಿಬರದಿದ್ದರೆ ಮುಂದಿನ ವರ್ಷದ ಫೀ ಬೀಳುವ ಮುಂಚೆ ಮುಚ್ಚಿಸಿ. ಮೊದಲು ಪಾಯಿಂಟ್ ಬಳಸಿಕೊಳ್ಳಿ, ಬಾಕಿ ಪೂರ್ತಿ ತೀರಿಸಿ, ಆಮೇಲೆ ಮುಚ್ಚಲು ಬರವಣಿಗೆಯಲ್ಲಿ ಕೇಳಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ಕೊಡಬೇಕು ಅಂತ 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ನಾನು ಮುಚ್ಚಿ ಅಂತ ಕೇಳಿದಾಗ ಬ್ಯಾಂಕಿನಿಂದ ಕಾಲ್ ಮಾಡಿದವರು "ಫೀ ಮನ್ನಾ ಮಾಡ್ತೀವಿ ಸಾರ್, ಇಟ್ಕೊಳ್ಳಿ" ಅಂದರು. ಬೇಡ ಅಂದೆ. ಪಾಯಿಂಟಿಗೆ ಸಿಕ್ಕ 280 ರೂಪಾಯಿ ವೋಚರ್‌ನಲ್ಲಿ ಹೆಂಡತಿ ಒಂದು ಇಡ್ಲಿ ಪಾತ್ರೆ ತರಿಸಿದಳು, ಮೇಲೆ 190 ನಾನೇ ಕೊಟ್ಟೆ.