ತಿಮಿಂಗಿಲದ ಸಾವಿಗೆ ಕಡಲ ಗಾಳಿಯಂತ್ರ ಕಾರಣವೇ? ಚರ್ಚೆಗೆ ಸಿದ್ಧರಾಗುವ ಬಗೆ

ಕಡಲಿಲ್ಲದ ಕೊಡಗಿನಲ್ಲಿ ತಿಮಿಂಗಿಲದ ಹೆಸರು ಕೇಳಿಬರುವುದು ಹೆಚ್ಚಾಗಿ ಅಂಬರ್‌ಗ್ರೀಸ್, ಅಂದರೆ ‘ತಿಮಿಂಗಿಲದ ವಾಂತಿ’ಯ ಕಳ್ಳಸಾಗಣೆಯ ಸುದ್ದಿಗಳಲ್ಲಿ. ಆದರೂ ಮಡಿಕೇರಿಯಲ್ಲಿ ಮಕ್ಕಳನ್ನು ಚರ್ಚಾಸ್ಪರ್ಧೆಗೆ ಅಣಿಗೊಳಿಸುವಾಗ, ವಿದ್ಯುತ್ತಿಗಾಗಿ ಕಡಲಲ್ಲಿ ನಿಲ್ಲಿಸುವ ಗಾಳಿಯಂತ್ರಗಳೇ ತಿಮಿಂಗಿಲಗಳನ್ನು ಕೊಲ್ಲುತ್ತಿವೆ ಎಂಬ ವಾದ ಎದುರಾಯಿತು. ಆಗ ಅವರಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮರಣೋತ್ತರ ಪರೀಕ್ಷೆಯ ವಿವರ ಹುಡುಕಿ. ಕಾಫಿ ತೋಟದಲ್ಲಿ ಆನೆ ಸತ್ತು ಬಿದ್ದಾಗ, ಮೇಲೆ ವಿದ್ಯುತ್ ತಂತಿ ಹಾದುಹೋಗಿದೆ ಎಂಬುದೊಂದರಿಂದಲೇ ನಾವು ತೀರ್ಮಾನಕ್ಕೆ ಬರುವುದಿಲ್ಲ. ಸೊಂಡಿಲಿನಲ್ಲಿ ಸುಟ್ಟ ಗುರುತಿದೆಯೇ, ಮೈಯೊಳಗೆ ಗುಂಡು ಹೊಕ್ಕಿದೆಯೇ ಎಂದು ಪಶುವೈದ್ಯರು ನೋಡಿ ಹೇಳುವವರೆಗೆ ಕಾಯುತ್ತೇವೆ. ತಿಮಿಂಗಿಲಕ್ಕೂ ಅದೇ ನ್ಯಾಯ ಸಲ್ಲಬೇಕು. ಅಮೆರಿಕದ ಅಟ್ಲಾಂಟಿಕ್ ತೀರದಲ್ಲಿ 2016ರ ಜನವರಿಯಿಂದ ಹಂಪ್‌ಬ್ಯಾಕ್ ತಿಮಿಂಗಿಲಗಳು ವಾಡಿಕೆಗಿಂತ ಹೆಚ್ಚು ಸಾಯುತ್ತಿವೆ. ಪರೀಕ್ಷೆಗೆ ಒಳಗಾದ ಕಳೇಬರಗಳ ಪೈಕಿ ಸುಮಾರು ಶೇ. 40ರಲ್ಲಿ ಹಡಗು ಬಡಿದ ಅಥವಾ ಮೀನುಗಾರಿಕೆಯ ಹಗ್ಗಕ್ಕೆ ಸಿಲುಕಿದ ಗುರುತುಗಳಿದ್ದವು. ಗಾಳಿಯಂತ್ರ ನಿಲ್ಲಿಸುವ ಮುನ್ನ ನಡೆಸುವ ಕಡಲ ತಳದ ಸಮೀಕ್ಷೆಗೂ ಈ ಸಾವುಗಳಿಗೂ ನಂಟು ಕಂಡುಬಂದಿಲ್ಲವೆಂದು ಅಲ್ಲಿನ ಸರ್ಕಾರಿ ಸಾಗರ ಸಂಸ್ಥೆ ನೋವಾ ಹೇಳಿದೆ. ಕಾರಣ ತಿಳಿಯದಷ್ಟು ಕೊಳೆತುಹೋದ ಕಳೇಬರಗಳನ್ನು ಮಾತ್ರ ಯಾರ ಲೆಕ್ಕಕ್ಕೂ ಸೇರಿಸಬೇಡಿ.

ಬಳಿಕ ದಿನಾಂಕ, ಸ್ಥಳಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ. ಆ ದೇಶದ ಮೊದಲ ಕಡಲ ಗಾಳಿ ಸ್ಥಾವರವಾದ ಬ್ಲಾಕ್ ಐಲೆಂಡ್ 2016ರ ಡಿಸೆಂಬರ್‌ನಲ್ಲಿ ಕೇವಲ 5 ಯಂತ್ರಗಳೊಂದಿಗೆ ಕೆಲಸ ಶುರುಮಾಡಿತು. ಸಾವುಗಳಾದರೋ ಉತ್ತರದ ಮೇನ್ ರಾಜ್ಯದಿಂದ ದಕ್ಷಿಣದ ಫ್ಲಾರಿಡಾದವರೆಗೂ ಇಡೀ ಪೂರ್ವ ತೀರದಲ್ಲಿ ಹರಡಿವೆ.

‘ಸದ್ದು’ ಎಂಬ ಪದ ಬಂದೊಡನೆ, ಯಾವ ಕೆಲಸದ ಸದ್ದು ಎಂದು ಕೇಳಿ. ಗಾಳಿಯಂತ್ರಕ್ಕಾಗಿ ಕಡಲ ತಳವನ್ನು ಅಳೆಯುವ ಉಪಕರಣಗಳ ಸದ್ದು, ತೈಲ ಹುಡುಕಲು ನೀರಿನಲ್ಲಿ ಒತ್ತಡದ ಗಾಳಿ ಸಿಡಿಸುವ ಏರ್‌ಗನ್‌ಗಳ ಸದ್ದಿಗಿಂತ ಬಹಳ ಕಡಿಮೆ. ನಿಜವಾಗಿ ಅಂಜಬೇಕಾದದ್ದು ಯಂತ್ರವನ್ನು ಹೊರುವ ಉಕ್ಕಿನ ಕಂಬವನ್ನು ದೈತ್ಯ ಸುತ್ತಿಗೆಯಿಂದ ತಳಕ್ಕೆ ಬಡಿಯುವ ಹೊತ್ತಿಗೆ. ಆ ಬಡಿತಕ್ಕೆ ಯುರೋಪಿನ ಉತ್ತರ ಸಮುದ್ರದಲ್ಲಿ ಡಾಲ್ಫಿನ್‌ ಹೋಲುವ ಕಡಲಹಂದಿಗಳು (ಪಾರ್ಪಾಯ್ಸ್) ಹಲವು ಕಿಲೋಮೀಟರ್ ದೂರ ಸರಿದದ್ದು ದಾಖಲಾಗಿದೆ. ಇದಕ್ಕೊಂದು ಉಪಾಯವಿದೆ: ಕಂಬದ ಸುತ್ತ ತಳದಲ್ಲಿ ತೂತುಗಳಿರುವ ಕೊಳವೆಯನ್ನು ಬಳೆಯಂತೆ ಹಾಸಿ, ಅದರೊಳಗೆ ಒತ್ತಡದ ಗಾಳಿ ಬಿಡುತ್ತಾರೆ, ಮೇಲೇಳುವ ಗುಳ್ಳೆಗಳ ಪರದೆ ಸದ್ದನ್ನು ಚದುರಿಸಿ ಕುಗ್ಗಿಸುತ್ತದೆ. ಸದ್ದು ಪೂರ್ತಿ ಅಡಗುವುದಿಲ್ಲ. ಆದ್ದರಿಂದಲೇ ತಿಮಿಂಗಿಲಗಳು ಹೆಚ್ಚಾಗಿ ಬರುವ ತಿಂಗಳುಗಳಲ್ಲಿ ಬಡಿತವನ್ನೇ ನಿಲ್ಲಿಸುವ ನಿಯಮ ನನಗೆ ಇನ್ನೂ ಮುಖ್ಯವೆನಿಸುತ್ತದೆ.

ಎದುರು ಪಕ್ಷದ ಅತ್ಯಂತ ಗಟ್ಟಿ ವಾದವನ್ನು ನೀವೇ ಬರೆದು ನೋಡಿ. ಉತ್ತರ ಅಟ್ಲಾಂಟಿಕ್‌ನ ‘ರೈಟ್’ ಎಂಬ ಜಾತಿಯ ತಿಮಿಂಗಿಲಗಳು ಈಗ 400ಕ್ಕಿಂತಲೂ ಕಡಿಮೆ ಉಳಿದಿವೆ. ಸಾಲು ಯಂತ್ರಗಳು ನೀರಿನ ಕಲಕಾಟವನ್ನು ಬದಲಿಸಿದರೆ ಆ ತಿಮಿಂಗಿಲಗಳು ತಿನ್ನುವ ಪುಟ್ಟ ತೇಲುಜೀವಿಗಳ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಆ ಪರಿಣಾಮವನ್ನು ಹವಾಮಾನ ಬದಲಾವಣೆಯ ಪರಿಣಾಮದಿಂದ ಬೇರ್ಪಡಿಸುವುದು ಕಷ್ಟವೆಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2023ರ ವರದಿಯೂ ಒಪ್ಪಿದೆ.

ಕೊನೆಗೆ ನಮ್ಮ ಕಡಲಿಗೆ ಬನ್ನಿ. ಗುಜರಾತ್ ಮತ್ತು ತಮಿಳುನಾಡಿನ ತೀರದಲ್ಲಿ ತಲಾ 500 ಮೆಗಾವಾಟ್‌ನ ಯೋಜನೆಗೆ ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿದೆ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್‌ಗಳು ಬೇರೆಲ್ಲೂ ವಲಸೆ ಹೋಗದೆ ಇಲ್ಲೇ ಬಾಳುವ ಅಪಾಯದಂಚಿನ ಜೀವಿಗಳು. ಲುಬಾನ್ ಎಂಬ ಹೆಣ್ಣು ತಿಮಿಂಗಿಲ 2017ರ ಕೊನೆಯಲ್ಲಿ ಒಮಾನ್‌ನಿಂದ ಹೊರಟು ನಮ್ಮ ದಕ್ಷಿಣ ತುದಿಯವರೆಗೂ ಬಂದದ್ದು ಉಪಗ್ರಹದಲ್ಲಿ ದಾಖಲಾಗಿದೆ. ಆದ್ದರಿಂದ ಪರ ಅಥವಾ ವಿರೋಧ ಎಂದು ನಿಲ್ಲುವ ಮುನ್ನ, ಇಲ್ಲಿ ಮೊದಲ ಕಂಬ ಬಡಿಯುವುದಕ್ಕೆ ಎಷ್ಟು ವರ್ಷ ಮೊದಲೇ ತಿಮಿಂಗಿಲಗಳ ದನಿಯನ್ನು ನೀರಿನಡಿಯ ಮೈಕ್‌ಗಳಲ್ಲಿ ಆಲಿಸಲಾಗುತ್ತದೆ ಎಂಬ ಪ್ರಶ್ನೆಯನ್ನು ನಿಮ್ಮ ಹಾಳೆಯ ಮೊದಲ ಸಾಲಿನಲ್ಲಿ ಬರೆದಿಡಿ.