ಹ್ಯಾಲೋವೀನ್ ತಿನಿಸು: ಎರಡು ಕಣ್ಣಿಟ್ಟರೆ ದೆವ್ವ ಸಿದ್ಧ

ಸಿಪ್ಪೆ ಸುಲಿದ ಕಿತ್ತಳೆ ಹಣ್ಣೊಂದನ್ನು ತಟ್ಟೆಯಲ್ಲಿಟ್ಟು, ಅದರ ನಡುವಿನ ಕುಳಿಗೆ ಬೆರಳಿನ ಗೆಣ್ಣಿನಷ್ಟು ಉದ್ದದ ಸೆಲರಿ ದಂಟನ್ನು ಸಿಕ್ಕಿಸಿದರೆ ಅದು ಪುಟ್ಟ ಕುಂಬಳಕಾಯಿಯಾಗುತ್ತದೆ. ಬಣ್ಣ ಬಳಿಯಬೇಕಾಗಿಲ್ಲ, ಒಲೆ ಹೊತ್ತಿಸಬೇಕಾಗಿಲ್ಲ. ತೊಳೆಗಳ ನಡುವಿನ ಗೆರೆಗಳೇ ಕುಂಬಳದ ಏಣುಗಳಂತೆ ಕಾಣುತ್ತವೆ. ಹ್ಯಾಲೋವೀನ್ ಕೂಟಕ್ಕೆ ತಿನಿಸು ಮಾಡಲು ಹೊರಟವರು ಮೊದಲು ಇದನ್ನೊಮ್ಮೆ ಮಾಡಿ ನೋಡುವುದು ಒಳ್ಳೆಯದು. ಈ ರಾತ್ರಿಯ ತಿನಿಸುಗಳ ಗುಟ್ಟೆಲ್ಲ ಇದರಲ್ಲೇ ಇದೆ: ತಿನಿಸು ತನ್ನ ರುಚಿಯಲ್ಲಿ ತಾನಿರಬೇಕು, ವೇಷವನ್ನಷ್ಟೇ ನಾವು ತೊಡಿಸಬೇಕು. ಬಣ್ಣದ ಬಾಟಲಿಗಳನ್ನು ಸುರಿದು ಮಾಡಿದ ಭಯಂಕರ ಕೇಕನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ, ಆದರೆ ಎರಡನೆಯ ತುತ್ತಿಗೆ ಯಾರೂ ಕೈ ಹಾಕುವುದಿಲ್ಲ.

ಅಕ್ಟೋಬರ್ 31ರ ಈ ಆಚರಣೆಯ ಬೇರು ಐರ್ಲೆಂಡ್, ಬ್ರಿಟನ್ ಭಾಗದ ಪ್ರಾಚೀನ ಕೆಲ್ಟ್ ಜನರ ‘ಸಾವಿನ್’ ಹಬ್ಬದಲ್ಲಿದೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಹೊತ್ತಿನಲ್ಲಿ ಸತ್ತವರ ಆತ್ಮಗಳು ಈ ಲೋಕಕ್ಕೆ ಬಂದುಹೋಗುತ್ತವೆ ಎಂಬ ನಂಬಿಕೆಯಿತ್ತು. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆಗಳನ್ನು ಕೊರೆದು ಮುಖ ಮಾಡುತ್ತಿದ್ದವರು ಅಮೆರಿಕಕ್ಕೆ ವಲಸೆ ಹೋದ ಮೇಲೆ, ಅಲ್ಲಿ ಧಾರಾಳವಾಗಿ ಬೆಳೆಯುವ, ಕೊರೆಯಲು ಹೆಚ್ಚು ಸುಲಭವಾದ ಕುಂಬಳಕಾಯಿಗೆ ಕೈಹಾಕಿದರು. ತಿನಿಸಿನೊಂದಿಗೆ ಆಟವಾಡುವುದೂ ಇಲ್ಲಿ ಹೊಸತೇನಲ್ಲ. ಐರ್ಲೆಂಡಿನ ‘ಬಾರ್ಮ್‌ಬ್ರ್ಯಾಕ್’ ಎಂಬ ಒಣಹಣ್ಣಿನ ಬ್ರೆಡ್ಡಿನೊಳಗೆ ಒಂದು ಉಂಗುರವನ್ನು ಅಡಗಿಸಿಡುತ್ತಾರೆ. ಅದು ಯಾರ ಹೋಳಿನಲ್ಲಿ ಸಿಗುತ್ತದೋ ಅವರಿಗೆ ವರ್ಷದೊಳಗೆ ಮದುವೆಯಾಗುತ್ತದೆಂಬುದು ಅಲ್ಲಿನ ನಂಬಿಕೆ.

ಮಾಟಗಾತಿಯ ಬೆರಳುಗಳು

ಇಡೀ ಕೂಟಕ್ಕೆ ಒಂದೇ ಒಂದು ತಿನಿಸನ್ನು ಮಾಡುವುದಾದರೆ ಇದನ್ನೇ ಮಾಡಿ ಎನ್ನುತ್ತೇನೆ. ಇದು ಬೆರಳಿನ ಆಕಾರದ ಬೆಣ್ಣೆ ಬಿಸ್ಕತ್ತು. ಉಗುರಿನ ಜಾಗದಲ್ಲಿ ಬಾದಾಮಿ ಇರುತ್ತದೆ. ಅಳತೆಯನ್ನು ನೆನಪಿಡುವುದೂ ಸುಲಭ: ತೂಕದಲ್ಲಿ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ. ಅಂದರೆ 60 ಗ್ರಾಂ ಪುಡಿ ಸಕ್ಕರೆ, 120 ಗ್ರಾಂ ಬೆಣ್ಣೆ ಮತ್ತು 180 ಗ್ರಾಂ ಮೈದಾ ತೆಗೆದುಕೊಂಡರೆ ಸುಮಾರು 24 ಬೆರಳುಗಳಾಗುತ್ತವೆ. ಇದರೊಂದಿಗೆ ಚಿಟಿಕೆ ಉಪ್ಪು, ಕೆಲವು ಹನಿ ವೆನಿಲಾ, 24 ಬಾದಾಮಿ ಮತ್ತು ಒಂದೆರಡು ಚಮಚ ಕೆಂಪು ಜಾಮ್ ಬೇಕು. ಬೇಕಿಂಗ್ ಪೌಡರನ್ನು ಖಂಡಿತ ಹಾಕಬಾರದು. ಹಾಕಿದರೆ ಬೆರಳುಗಳು ಓವನ್ನಿನಲ್ಲಿ ಉಬ್ಬಿ, ಮಾಟಗಾತಿಯ ಕೈ ಹೋಗಿ ಮಗುವಿನ ಕೈಯಾಗುತ್ತದೆ.

ಮೊದಲು ಬಾದಾಮಿಯನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಬಿಟ್ಟು ತೆಗೆದು, ಎರಡು ಬೆರಳುಗಳ ನಡುವೆ ಹಿಚುಕಿದರೆ ಸಿಪ್ಪೆ ಜಾರಿ ಬಿಳಿ ಬೀಜ ಹೊರಬರುತ್ತದೆ. ಅದನ್ನು ಬಟ್ಟೆಯ ಮೇಲೆ ಹರಡಿ ಆರಲು ಬಿಡಿ. ಕೋಣೆಯ ಬಿಸಿಯಲ್ಲಿ ಮೆತ್ತಗಾದ ಬೆಣ್ಣೆಯನ್ನು ಸಕ್ಕರೆಯೊಂದಿಗೆ ಚೆನ್ನಾಗಿ ನಾದಿ, ವೆನಿಲಾ ಮತ್ತು ಉಪ್ಪು ಸೇರಿಸಿ, ಕೊನೆಗೆ ಮೈದಾ ಹಾಕಿ ಹಿಟ್ಟು ಒಂದಾಗುವಷ್ಟು ಮಾತ್ರ ಕಲಸಿ. ಹೆಚ್ಚು ನಾದಿದರೆ ಬಿಸ್ಕತ್ತು ಬಿರುಸಾಗುತ್ತದೆ. ಮುದ್ದೆಯನ್ನು ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟ ನಂತರ ನಿಂಬೆಗಿಂತ ಚಿಕ್ಕದಾದ, ಸುಮಾರು 15 ಗ್ರಾಂ ತೂಗುವ ಉಂಡೆಗಳನ್ನು ಮಾಡಿ, ಒಂದೊಂದನ್ನೂ ಅಂಗೈಯಿಂದ ಉಜ್ಜಿ ಬೆರಳಿನ ಉದ್ದಕ್ಕೆ ಹೊಸೆಯಿರಿ.

ಇಲ್ಲಿ ಕೈಯನ್ನು ಸ್ವಲ್ಪ ಹಿಡಿತದಲ್ಲಿಡಬೇಕು. ನಿಮ್ಮ ಕಿರುಬೆರಳಿಗಿಂತ ತೆಳುವಾಗಿಯೇ ಹೊಸೆಯಬೇಕು, ಏಕೆಂದರೆ ಬೇಯುವಾಗ ಬೆಣ್ಣೆ ಕರಗಿ ಹಿಟ್ಟು ಅಗಲವಾಗುತ್ತದೆ. ಹೊಸೆದ ಮೇಲೆ ಎರಡು ಕಡೆ ಹಗುರವಾಗಿ ಹಿಚುಕಿದರೆ, ಹಿಚುಕದೆ ಬಿಟ್ಟ ಭಾಗ ಗೆಣ್ಣಿನಂತೆ ಉಬ್ಬಿ ನಿಲ್ಲುತ್ತದೆ. ಆ ಉಬ್ಬಿನ ಮೇಲೆ ಚಾಕುವಿನ ಬೆನ್ನಿನಿಂದ ಮೂರು ಅಡ್ಡ ಗೆರೆಗಳನ್ನು ಒತ್ತಿ. ನಿಮ್ಮದೇ ಬೆರಳನ್ನು ಮುಂದಿಟ್ಟುಕೊಂಡು ನೋಡಿದರೆ ಗೆರೆಗಳು ನೇರವಾಗಿಲ್ಲ, ಒಂದೇ ಉದ್ದವೂ ಇಲ್ಲ ಎಂಬುದು ಕಾಣುತ್ತದೆ. ಬಿಸ್ಕತ್ತಿನಲ್ಲೂ ಹಾಗೆಯೇ ಇರಲಿ. ತುದಿಯಲ್ಲಿ ಬಾದಾಮಿಯನ್ನು ಒತ್ತಿ, ಟ್ರೇಯನ್ನು ಇನ್ನೊಂದು ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟು, 170 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಓವನ್ನಿನಲ್ಲಿ 15ರಿಂದ 18 ನಿಮಿಷ ಬೇಯಿಸಿ. ಅಂಚು ಹೊಂಬಣ್ಣಕ್ಕೆ ತಿರುಗುತ್ತಿದ್ದಂತೆ ಹೊರತೆಗೆಯಬೇಕು. ಆಗ ಮುಟ್ಟಿದರೆ ಮೆತ್ತಗಿರುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ.

ಪೂರ್ತಿ ಆರಿದ ಮೇಲೆ ಬಾದಾಮಿಯನ್ನು ಮೆಲ್ಲಗೆ ಎತ್ತಿ, ಆ ಗುಳಿಗೆ ಒಂದು ತೊಟ್ಟು ಜಾಮ್ ಇಟ್ಟು, ಬಾದಾಮಿಯನ್ನು ಮತ್ತೆ ಒತ್ತಿ. ಉಗುರಿನ ಸುತ್ತ ಕೆಂಪು ಒಸರುತ್ತದೆ. ಬೇಯಿಸುವಾಗಲೇ ಸಡಿಲಗೊಂಡು ಬಿದ್ದ ಬಾದಾಮಿಗಳನ್ನು ಅಂಟಿಸುವುದಕ್ಕೂ ಇದೇ ಜಾಮ್ ಸಾಕು.

ಬಲೆ ನೇಯುವ ಮೊಟ್ಟೆ

ಹಿಂದಿನ ರಾತ್ರಿಯೇ ಮಾಡಿಡಬಹುದಾದ ಇನ್ನೊಂದು ತಿನಿಸಿದು. ಮೊಟ್ಟೆಗಳನ್ನು ಹತ್ತು ನಿಮಿಷ ಬೇಯಿಸಿ ತಕ್ಷಣ ಐಸ್ ನೀರಿಗೆ ಹಾಕಿ. ಅತಿಯಾಗಿ ಬೆಂದರೆ ಹಳದಿಯ ಸುತ್ತ ಹಸಿರು ಮಿಶ್ರಿತ ಬೂದು ಉಂಗುರ ಮೂಡುತ್ತದೆ. ಬಿಳಿಭಾಗದ ಗಂಧಕ ಮತ್ತು ಹಳದಿಯ ಕಬ್ಬಿಣ ಸೇರಿ ಆಗುವ ಬದಲಾವಣೆಯದು. ದೆವ್ವದ ಕೂಟಕ್ಕೆ ಅದೂ ಸರಿಹೊಂದುತ್ತದೆ ಎನ್ನಬಹುದು, ಆದರೆ ಅಂಥ ಮೊಟ್ಟೆ ರುಚಿಯಲ್ಲಿ ಸೋಲುತ್ತದೆ.

ತಣ್ಣಗಾದ ಮೊಟ್ಟೆಯನ್ನು ಚಮಚದ ಬೆನ್ನಿನಿಂದ ಸುತ್ತಲೂ ತಟ್ಟಿ, ಚಿಪ್ಪು ಎಲ್ಲೆಡೆ ಬಿರುಕು ಬಿಟ್ಟರೂ ಉದುರದಂತೆ ನೋಡಿಕೊಳ್ಳಿ. ಒಂದು ಡಬ್ಬಿಯಲ್ಲಿ ನೀರು ಹಾಕಿ, ತಿನ್ನಲು ಯೋಗ್ಯವಾದ ಕಪ್ಪು ಇಲ್ಲವೇ ನೀಲಿ ಬಣ್ಣವನ್ನು ಕಡುವಾಗಿ ಬೆರೆಸಿ, ಮೊಟ್ಟೆಗಳನ್ನು ಮುಳುಗಿಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಸುಲಿದಾಗ ಬಣ್ಣವು ಬಿರುಕುಗಳೊಳಗೆ ಮಾತ್ರ ಇಳಿದಿರುವುದರಿಂದ ಬಿಳಿಯ ಮೇಲೆ ಸಣ್ಣ ಗೆರೆಗಳ ಬಲೆ ಮೂಡಿರುತ್ತದೆ. ಯಾವ ಎರಡು ಮೊಟ್ಟೆಗಳ ಬಲೆಯೂ ಒಂದೇ ತರಹ ಇರುವುದಿಲ್ಲ. ತೀರಾ ಹೊಸ ಮೊಟ್ಟೆಯ ಚಿಪ್ಪು ಸುಲಭವಾಗಿ ಬಿಡದೆ ಬಿಳಿಯನ್ನೂ ಕಿತ್ತುಕೊಂಡು ಬರುವ ಕಾರಣ, ತಂದು ನಾಲ್ಕೈದು ದಿನವಾದ ಮೊಟ್ಟೆಗಳನ್ನೇ ಆರಿಸಿಕೊಳ್ಳಿ.

ಪಟ್ಟಿ ಸುತ್ತಿದ ಮಮ್ಮಿಗಳು

ಸಿಹಿಯೇ ತುಂಬಿದ ಮೇಜಿನಲ್ಲಿ ಖಾರದ, ಬಿಸಿಯಾದ ಒಂದು ತಿನಿಸು ಇರಲೇಬೇಕು. ಅದಕ್ಕೇ ಈ ಮಮ್ಮಿಗಳು, ಅಂದರೆ ಬಟ್ಟೆಯ ಪಟ್ಟಿ ಸುತ್ತಿ ಕಾಪಿಟ್ಟ ಹೆಣಗಳ ವೇಷ ತೊಟ್ಟ ತಿನಿಸು. ಸಿದ್ಧವಾಗಿ ಸಿಗುವ ಪಫ್ ಪೇಸ್ಟ್ರಿ ಹಾಳೆಯನ್ನು ಒಂದು ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಸಾಸೇಜ್ ಅಥವಾ ಮುಕ್ಕಾಲು ಬೇಯಿಸಿ ಉಪ್ಪು, ಮೆಣಸು ಹಚ್ಚಿದ ಕ್ಯಾರೆಟ್ ತುಂಡುಗಳಿಗೆ ಸುತ್ತಬೇಕು. ಪಟ್ಟಿ ಒಂದರ ಮೇಲೊಂದು ಅಡ್ಡಾದಿಡ್ಡಿ ಹಾಯಬೇಕು. ಬ್ಯಾಂಡೇಜನ್ನು ಅಚ್ಚುಕಟ್ಟಾಗಿ ಸುತ್ತಿದರೆ ಅದು ಆಸ್ಪತ್ರೆಯ ರೋಗಿಯಂತೆ ಕಾಣುತ್ತದೆ. ಮೇಲಿನ ಕಾಲು ಭಾಗದಲ್ಲಿ ಬೆರಳಗಲದ ಸಂದು ಬಿಡಿ, ಅದೇ ಮುಖ.

ಪೇಸ್ಟ್ರಿ ಓವನ್ನಿಗೆ ಹೋಗುವವರೆಗೂ ತಣ್ಣಗಿರಬೇಕು. ಅದರ ಪದರಗಳ ನಡುವಿನ ಬೆಣ್ಣೆ ಓವನ್ನಿನ ಬಿಸಿಗೆ ಕರಗುತ್ತಿದ್ದಂತೆ ಪದರದ ತೇವಾಂಶ ಆವಿಯಾಗಿ ಹಿಟ್ಟನ್ನು ಮೇಲೆತ್ತುತ್ತದೆ. ಬೆಣ್ಣೆ ಅಡುಗೆಮನೆಯಲ್ಲೇ ಕರಗಿದರೆ ಪದರಗಳು ಅಂಟಿಕೊಂಡು ಏಳುವುದಿಲ್ಲ. ಆದ್ದರಿಂದ ಸುತ್ತಿದ ಟ್ರೇಯನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು, 200 ಡಿಗ್ರಿಯಲ್ಲಿ ಸುಮಾರು 20 ನಿಮಿಷ ಬೇಯಿಸಿ. ಕಣ್ಣುಗಳನ್ನು ಬೆಂದ ಮೇಲೆಯೇ ಇಡಬೇಕು: ಎರಡು ತೊಟ್ಟು ಮೇಯನೇಸ್, ಅದರ ಮೇಲೆ ಒಂದೊಂದು ಕಾಳುಮೆಣಸಿನ ಚೂರು. ಕಣ್ಣುಗಳ ನಡುವಿನ ಅಂತರವನ್ನು ಒಂದೊಂದು ಮಮ್ಮಿಗೂ ಬದಲಿಸಿ. ಹತ್ತಿರವಿಟ್ಟರೆ ಪೆದ್ದನಂತೆ, ದೂರವಿಟ್ಟರೆ ಗಾಬರಿ ಬಿದ್ದವನಂತೆ, ಒಂದು ಮೇಲೆ ಒಂದು ಕೆಳಗೆ ಇಟ್ಟರೆ ನಿಜಕ್ಕೂ ಸತ್ತು ಎದ್ದವನಂತೆ ಕಾಣುತ್ತಾನೆ.

ಬಿಳಿ ಚಾಕೊಲೇಟಿನ ದೆವ್ವ

ಅಡುಗೆಗೆ ಹೊಸಬರು ಕೈ ಸುಟ್ಟುಕೊಳ್ಳುವುದು ಇಲ್ಲೇ. ಕರಗಿದ ಚಾಕೊಲೇಟಿಗೆ ನೀರೆಂದರೆ ಆಗದು. ಒಂದೆರಡು ಹನಿ ಬಿದ್ದರೂ ಅದರೊಳಗಿನ ಸಕ್ಕರೆ ಒದ್ದೆಯಾಗಿ ಗಂಟುಕಟ್ಟಿ, ನಯವಾಗಿ ಹರಿಯುತ್ತಿದ್ದ ಚಾಕೊಲೇಟ್ ಕ್ಷಣದಲ್ಲಿ ಮರಳು ಮರಳಾದ ಮುದ್ದೆಯಾಗುತ್ತದೆ. ಒಮ್ಮೆ ನಾನು ಕುದಿಯುವ ಪಾತ್ರೆಯ ಮೇಲಿಟ್ಟಿದ್ದ ಬಟ್ಟಲಿಗೆ, ತೊಳೆದು ಸರಿಯಾಗಿ ಒರೆಸದ ಮರದ ಚಮಚವನ್ನು ಇಳಿಸಿದೆ. ಎರಡು ಸುತ್ತು ತಿರುಗಿಸುವಷ್ಟರಲ್ಲಿ ಚಮಚ ಮುದ್ದೆಯೊಳಗೆ ನೆಟ್ಟಗೆ ನಿಂತಿತು. ಬಿಸಿ ಹಾಲು ಬೆರೆಸಿದರೆ ಅಂಥ ಮುದ್ದೆ ಸಾಸ್ ಆಗಿ ಉಪಯೋಗಕ್ಕೆ ಬರುತ್ತದೆ, ಅದ್ದಿ ತೆಗೆಯುವ ಹೊದಿಕೆಯಾಗಿ ಮಾತ್ರ ಬಾರದು. ಬಣ್ಣ ಬೆರೆಸುವುದಿದ್ದರೂ ಇದೇ ನಿಯಮ: ನೀರಿನಲ್ಲಿ ಕದಡಿದ ಬಣ್ಣ ಬೇಡ, ಚಾಕೊಲೇಟಿಗೆಂದೇ ಮಾರುವ ಎಣ್ಣೆ ಆಧಾರಿತ ಬಣ್ಣವೇ ಆಗಬೇಕು.

ಬಾಳೆಹಣ್ಣುಗಳನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ಕತ್ತರಿಸಿದ ಕಡೆಯಿಂದ ಐಸ್‌ಕ್ರೀಮ್ ಕಡ್ಡಿ ಚುಚ್ಚಿ, ಎರಡು ಗಂಟೆ ಫ್ರೀಜರಿನಲ್ಲಿಡಿ. ಬಿಳಿ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ, ಮೈಕ್ರೋವೇವಿನಲ್ಲಿ 20 ಸೆಕೆಂಡಿಗೊಮ್ಮೆ ಹೊರತೆಗೆದು ಕಲಕುತ್ತ ಕರಗಿಸಿ. ಕೊನೆಯ ಚೂರುಗಳನ್ನು ಬಟ್ಟಲಿನ ಬಿಸಿಯೇ ಕರಗಿಸಲಿ. ಬಿಳಿ ಚಾಕೊಲೇಟ್ ಬಲುಬೇಗ ಸೀಯುತ್ತದೆ. ಹಣ್ಣಿನ ಮೇಲೆ ಮಂಜಿನ ಹರಳು ಕಂಡರೆ ಒರೆಸಿ, ಅದ್ದಿ ತೆಗೆದು, ತಕ್ಷಣ ಎರಡು ಚಾಕೊಲೇಟ್ ಚಿಪ್‌ಗಳನ್ನು ಅಂಟಿಸಿ. ಹಣ್ಣಿನ ತಂಪಿಗೆ ಹೊದಿಕೆ ಅರೆ ನಿಮಿಷದಲ್ಲೇ ಹೆಪ್ಪುಗಟ್ಟುವುದರಿಂದ ಕಣ್ಣುಗಳನ್ನು ಮೊದಲೇ ಪಕ್ಕದಲ್ಲಿ ಎಣಿಸಿಟ್ಟುಕೊಂಡಿರಬೇಕು.

ಕೊನೆಯ ಗಳಿಗೆಯವು

ಚೀಸ್ ಕಡ್ಡಿಯ ಪೊರಕೆಗೆ ಎರಡೇ ನಿಮಿಷ ಸಾಕು. ಎಳೆ ಎಳೆಯಾಗಿ ಬಿಡುವ ಚೀಸ್ ಕಡ್ಡಿಯನ್ನು ಮೂರು ತುಂಡು ಮಾಡಿ, ಒಂದೊಂದರ ಕೆಳಗಿನ ಮುಕ್ಕಾಲು ಭಾಗವನ್ನು ಚಾಕುವಿನಿಂದ ಸೀಳಿ ಕುಚ್ಚು ಮಾಡಿ, ಮೇಲಿನಿಂದ ಪ್ರೆಟ್ಜೆಲ್ ಎಂಬ ಗರಿಗರಿಯಾದ ಉಪ್ಪು ಬಿಸ್ಕತ್ತಿನ ಕಡ್ಡಿ ಚುಚ್ಚಿ. ಚೀಸಿನ ತೇವ ಹೀರಿ ಪ್ರೆಟ್ಜೆಲ್ ಮೆತ್ತಗಾಗುತ್ತದೆ, ಹಾಗಾಗಿ ಅತಿಥಿಗಳು ಬರುವ ಮುನ್ನ ಒಂದು ಗಂಟೆಯೊಳಗೆ ಇದನ್ನು ಮಾಡಬೇಕು.

ಅದ್ದಿಕೊಂಡು ತಿನ್ನುವ ಜೇಡರಬಲೆಯ ಡಿಪ್ ಕೂಡ ಹೀಗೆಯೇ. ನಿಂಬೆರಸ, ಉಪ್ಪು ಹಾಕಿ ಮಸೆದ ಬೆಣ್ಣೆಹಣ್ಣನ್ನು ಅಗಲವಾದ ಬಟ್ಟಲಿನಲ್ಲಿ ಸಮವಾಗಿ ಹರಡಿ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ, ಮೂಲೆಯನ್ನು ತುಸುವೇ ಕತ್ತರಿಸಿ, ಒಂದರೊಳಗೊಂದು ನಾಲ್ಕು ವೃತ್ತ ಎಳೆಯಿರಿ. ನಡುವಿನಿಂದ ಅಂಚಿಗೆ ಎಂಟು ದಿಕ್ಕಿನಲ್ಲಿ ಟೂತ್‌ಪಿಕ್ ಎಳೆದರೆ ವೃತ್ತಗಳು ಬಾಗಿ ಬಲೆಯಾಗುತ್ತವೆ. ಪ್ರತಿ ಗೆರೆಯ ನಂತರ ಟೂತ್‌ಪಿಕ್ಕನ್ನು ಒರೆಸದಿದ್ದರೆ ಹಸಿರು ಬಿಳಿಗೆ ಹತ್ತಿ ಎಲ್ಲ ಕಲಸುಮೇಲೋಗರವಾಗುತ್ತದೆ. ಒಂದು ಕಪ್ಪು ಆಲಿವನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಮೈಯಾಗಿಯೂ ಉಳಿದರ್ಧದಿಂದ ಕತ್ತರಿಸಿದ ಎಂಟು ಎಳೆಗಳನ್ನು ಕಾಲುಗಳಾಗಿಯೂ ಇಟ್ಟರೆ ಜೇಡ ಬಂದು ಕೂತಿತು. ಕಾಲುಗಳು ಆರಾದರೆ ಮಕ್ಕಳು ಬಿಡುವುದಿಲ್ಲ.

ಬಡಿಸುವ ಮುನ್ನ

ಹಿಂದಿನ ದಿನ ಬಿಸ್ಕತ್ತು, ಮೊಟ್ಟೆ ಮತ್ತು ಬಾಳೆಹಣ್ಣು. ಅಂದು ಮಧ್ಯಾಹ್ನ ಮಮ್ಮಿಗಳನ್ನು ಸುತ್ತಿ ಫ್ರಿಜ್ಜಿಗೆ. ಕೊನೆಯ ಒಂದು ಗಂಟೆಯಲ್ಲಿ ಕಿತ್ತಳೆ, ಪೊರಕೆ, ಡಿಪ್ ಮತ್ತು ಓವನ್ ಕೆಲಸ. ಈ ಕ್ರಮ ಹಿಡಿದರೆ ಒಬ್ಬರೇ ಇಷ್ಟನ್ನೂ ನಿಭಾಯಿಸಬಹುದು. ಮೊಟ್ಟೆ, ಮೊಸರು, ಮೇಯನೇಸ್ ಇರುವ ತಟ್ಟೆಗಳನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು.

ಕೆಲವನ್ನು ಮಾಡದಿರುವುದೇ ಮೇಲು. ಕಪ್ಪು ಬಣ್ಣಕ್ಕೆಂದು ಇದ್ದಿಲಿನ ಪುಡಿ ಬೆರೆಸುವ ರೂಢಿ ಕೆಲವೆಡೆ ಇದೆ. ಅದು ಹೊಟ್ಟೆಯಲ್ಲಿ ಔಷಧಗಳನ್ನೂ ಹೀರಿಕೊಳ್ಳುವುದರಿಂದ ಮಾತ್ರೆ ನುಂಗುವವರಿಗೆ ಒಳ್ಳೆಯದಲ್ಲ, ಕಡು ಕೋಕೋ ಪುಡಿಯೇ ಸಾಕು. ಪಾನಕದಲ್ಲಿ ಹೊಗೆಯೆಬ್ಬಿಸುವ ಡ್ರೈ ಐಸ್ ಸುಮಾರು ಮೈನಸ್ 78 ಡಿಗ್ರಿಯಷ್ಟು ತಣ್ಣಗಿರುತ್ತದೆ. ಅದರ ಚೂರು ಲೋಟಕ್ಕೆ ಬಂದು ಯಾರಾದರೂ ನುಂಗಿದರೆ ಅನಾಹುತವಾಗುತ್ತದೆ. ದ್ರಾಕ್ಷಿಯನ್ನು ಕಣ್ಣುಗುಡ್ಡೆಯೆಂದು ಇಡಿಯಾಗಿ ಇಡುವ ಬದಲು, ಚಿಕ್ಕ ಮಕ್ಕಳಿಗಾಗಿ ಉದ್ದಕ್ಕೆ ನಾಲ್ಕು ಸೀಳಿ ಕೊಡಬೇಕು. ಬಾದಾಮಿ ಒಗ್ಗದವರಿದ್ದರೆ ಉಗುರಿಗೆ ಕುಂಬಳದ ಬೀಜ ಬಳಸಿ, ಅದನ್ನು ಬೇರೆಯೇ ಟ್ರೇಯಲ್ಲಿ ಬೇಯಿಸಿ, ತಟ್ಟೆಯ ಮುಂದೆ ಚೀಟಿ ಬರೆದಿಡಿ. ಅಮೆರಿಕದಲ್ಲಿ ಆಹಾರದ ಅಲರ್ಜಿಯಿರುವ ಮಕ್ಕಳಿಗೆ ತಿನಿಸಲ್ಲದ ಉಡುಗೊರೆ ಇಲ್ಲಿ ಸಿಗುತ್ತದೆಂದು ತಿಳಿಸಲು ಮನೆಬಾಗಿಲಲ್ಲಿ ಹಸಿರು ಬೆರೆತ ನೀಲಿ ಬಣ್ಣದ ಕುಂಬಳವನ್ನಿಡುವ ಪದ್ಧತಿ 2014ರಿಂದ ದೇಶದಾದ್ಯಂತ ಹರಡಿದೆ.

ಬ್ರೆಡ್ಡಿನಲ್ಲಿ ಉಂಗುರ ಅಡಗಿಸುವ ಐರಿಷ್ ಆಟ, ಅದು ಒಳಗಿದೆಯೆಂದು ಎಲ್ಲರಿಗೂ ಗೊತ್ತಿರುವಾಗ ಮಾತ್ರ ಆಟ. ಆದುದರಿಂದ ಮೇಜಿಗೆ ತಟ್ಟೆಗಳನ್ನು ಒಯ್ಯುವ ಮುನ್ನ, ಅಲಂಕಾರಕ್ಕೆಂದು ಹೊರತೆಗೆದಿದ್ದ ಟೂತ್‌ಪಿಕ್‌ಗಳನ್ನು ಒಮ್ಮೆ ಎಣಿಸಿ ನೋಡಿ. ಒಂದು ಕಡಿಮೆಯಿದ್ದರೆ ಮೊದಲು ಡಿಪ್ಪಿನ ಬಟ್ಟಲಲ್ಲಿ ಹುಡುಕಿ.